ಸಾತೇ ಮೇಜಿನ ಕಾಲಡಿಯ ತೋರಾ

ಮುವಾರ್ ಪಟ್ಟಣದಲ್ಲಿ ಮನೆಮನೆಯ ನೀರಿನ ಮೀಟರ್ ಓದಿ ಬದುಕುತ್ತಿದ್ದ ಬಹ್ರೋಮ್‌ನ ಕೀರ್ತಿಯೂ ಸಂಕಟವೂ ಒಂದೇ ದಿನ, ಒಂದೇ ಚಮಚದಿಂದ ಶುರುವಾದವು. ಆ ಚಮಚ ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಸೆನಾಪಿಯ ಸಾತೇ ಅಂಗಡಿಯ ಮೂರನೇ ಮೇಜಿನಿಂದ ಕೆಳಗೆ ಬಿತ್ತು.

ಸಾತೇ ಎಂದರೆ ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಟ್ಟ ಮಾಂಸ. ಅದನ್ನು ಬೇರೆ ಊರಿನವರು ಸಂಜೆ ತಿನ್ನುತ್ತಾರಂತೆ. ಮುವಾರಿನವರು ಅದನ್ನು ಬೆಳಗಿನ ತಿಂಡಿಗೇ ತಿನ್ನುತ್ತಾರೆ, ಸಂಜೆ ತಿನ್ನುವವರನ್ನು ಕಂಡು ಮರುಕಪಡುತ್ತಾರೆ. ಸೆನಾಪಿಯ ಅಂಗಡಿಯಲ್ಲಿ ಐದು ಮೇಜುಗಳಿದ್ದವು. ನಾಲ್ಕು ಅಲ್ಲಾಡುತ್ತಿದ್ದವು. ಅಲ್ಲಾಡದ ಮೂರನೆಯ ಮೇಜನ್ನು 'ಮುವಾರ್ ಹಳೇ ಪೆಡಲ್ ಸಂಘ'ದ ಒಂಬತ್ತು ಸದಸ್ಯರು ಪ್ರತಿ ಭಾನುವಾರ ಬೇಗ ಬಂದು ಹಿಡಿದುಕೊಳ್ಳುತ್ತಿದ್ದರು.

ಗಿಟಾರಿಗೂ ಸ್ಪೀಕರಿಗೂ ನಡುವೆ ನೆಲದ ಮೇಲಿಡುವ ಪುಟ್ಟ ಕಬ್ಬಿಣದ ಡಬ್ಬಿಗೆ ಪೆಡಲ್ ಎನ್ನುತ್ತಾರೆ. ಅದನ್ನು ಕಾಲಿನಿಂದ ಒತ್ತಿದರೆ ಸಾಧುವಾಗಿದ್ದ ಗಿಟಾರಿನ ದನಿ ಹರಿದು, ಒಡೆದು, ಗುಟುರು ಹಾಕುತ್ತದೆ. ಹೀಗೆ ದನಿ ಕೆಡಿಸುವ ಹಳೆಯ ಡಬ್ಬಿಗಳನ್ನು ಒಳ್ಳೆಯ ದುಡ್ಡು ಕೊಟ್ಟು ಕೂಡಿಡುವುದು ಈ ಸಂಘದವರ ಹುಚ್ಚು. ಬಹ್ರೋಮ್‌ನ ಬಳಿ ಹನ್ನೊಂದು ಡಬ್ಬಿಗಳಿದ್ದವು. ಏಳು ಮೂಕ, ಮೂರರಲ್ಲಿ ರೇಡಿಯೋ ವಾರ್ತೆ ಕೇಳಿಸುತ್ತಿತ್ತು, ಒಂದು ಶಾಕ್ ಹೊಡೆಯುತ್ತಿತ್ತು. ಹೀಗಾಗಿ ಸಂಘದಲ್ಲಿ ಅವನ ಸ್ಥಾನ ಮೇಜಿನ ಮೂಲೆಯಲ್ಲಿ, ಕೋಪಿ ಎಂದು ಅವರು ಕರೆಯುವ ಕಾಫಿಯ ಲೋಟಗಳನ್ನು ಆಚೆಗೆ ದಾಟಿಸುವ ಜಾಗದಲ್ಲಿತ್ತು.

ಅಂಥವನು ಚಮಚ ಎತ್ತಲು ಬಗ್ಗಿದವನು ಏಳಲೇ ಇಲ್ಲ.

"ಬಾಂಗ್‌ಗೆ ಸೊಂಟ ಹಿಡ್ಕೊಂತು!" ಎಂದು ಕೂಗಿದ ಸಂಘದಲ್ಲೇ ಇದ್ದ ಅವನ ಹೆಂಡತಿಯ ತಮ್ಮ ಮಿಸ್ಕಾಮ್. 'ಬಾಂಗ್' ಎಂದರೆ ಅಲ್ಲಿನವರ ಬಾಯಲ್ಲಿ ಅಣ್ಣ.

ಸೊಂಟ ಹಿಡಿದಿರಲಿಲ್ಲ. ಮೇಜಿನ ಕಾಲಡಿಯಲ್ಲಿ, ವರ್ಷಾನುಗಟ್ಟಲೆ ಸುರಿದ ಶೇಂಗಾ ಗೊಜ್ಜಿನ ಗಟ್ಟಿ ಪದರದ ನಡುವೆ, ಕಿತ್ತಳೆ ಬಣ್ಣದ ಒಂದು ಮೂಲೆ ಅವನಿಗೆ ಕಂಡಿತ್ತು. ಅದು 'ತೋರಾ' ಎಂಬ ಜಪಾನಿನ ಹಳೆಯ ಪೆಡಲ್. ಅಂಥ ಅಪರೂಪದ್ದೇನಲ್ಲ, ನೂರೈವತ್ತು ರಿಂಗಿಟ್‌ಗೆ ಸಿಗುತ್ತಿತ್ತು. ಆದರೆ ಬಹ್ರೋಮ್ ಬಗ್ಗಿದಲ್ಲೇ ಉಳಿದದ್ದಕ್ಕೆ ಕಾರಣ ಬೇರೆ. ಈಗ ಮಾತೇ ಆಡದೆ ಕೆಂಡಕ್ಕೆ ಬೀಸಣಿಗೆ ಬೀಸುವ ಈ ಸೆನಾಪಿ, ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಪಾರಾಂಗ್ ಎಂಬ ತಂಡದ ಗಿಟಾರ್‌ಗಾರನಾಗಿದ್ದ. ಪಾರಾಂಗ್ ಎಂದರೆ ಮಚ್ಚು. ತಂಡ ತಂದದ್ದು ಒಂದೇ ಕ್ಯಾಸೆಟ್, ಗೆದ್ದದ್ದು ಒಂದೇ ಹಾಡು, ಜನ ಮರೆಯದೇ ಉಳಿಸಿಕೊಂಡದ್ದು ಅದರಲ್ಲಿ ಮೂವತ್ತೆರಡು ಸೆಕೆಂಡು ಹರಿಹರಿದು ಅಳುವ ಗಿಟಾರು.

ಎಲ್ಲರೂ ಎದ್ದು ಹೋದ ಮೇಲೆ ಬಹ್ರೋಮ್ ಹಿಂದೆ ಉಳಿದ.

"ಬಾಂಗ್, ಆ ಡಬ್ಬಿ ನಿಮ್ದಾ?"

"ಮೇಜಿಂದು," ಎಂದ ಸೆನಾಪಿ.

"ನಂಗೆ ಕೊಡ್ತೀರಾ?"

"ಮೇಜು ಅಲ್ಲಾಡುತ್ತೆ."

"ರಟ್ಟು ಮಡಚಿ ಇಡ್ತೀನಿ, ಬಾಂಗ್. ದಪ್ಪ ರಟ್ಟು."

ಸೆನಾಪಿ ಕಡೆಯ ನಾಲ್ಕು ಕಡ್ಡಿ ಇಳಿಸಿ, ಒಲೆಯಿಂದ ಈಚೆಗೆ ಬಂದು ಯೋಚಿಸಿದ. "ಹಂಗಾದ್ರೆ ಹಿಂದ್ಗಡೆ ನಂದೊಂದು ಹಳೇ ಸ್ಪೀಕರ್ ಪೆಟ್ಟಿಗೆ ಇದೆ. ಓಡಾಡೋಕೆ ಅಡ್ಡ. ಅದನ್ನೂ ತಗೊಂಡ್ಹೋದ್ರೆ ಡಬ್ಬಿ ಕೊಡ್ತೀನಿ. ಬರೀ ಡಬ್ಬಿ ಕೊಡಲ್ಲ."

ಬಹ್ರೋಮ್ ಡಬ್ಬಿಯನ್ನು ಅಂಗಿಯೊಳಗೆ ಎದೆಗೆ ಅವಚಿಕೊಂಡು, ಪೆಟ್ಟಿಗೆಯನ್ನು ಮೋಟಾರ್ ಸೈಕಲ್ಲಿನ ಹಿಂದೆ ಹಗ್ಗದಲ್ಲಿ ಬಿಗಿದು ಮನೆಗೆ ತಂದ. ಹೆಂಡತಿ ರೊಕಿಯಾ ಬಾಗಿಲಲ್ಲೇ ನಿಂತು ಎರಡನ್ನೂ ನೋಡಿದಳು.

"ಹನ್ನೆರಡನೇ ಡಬ್ಬಿನಾ? ಇದು ವಾರ್ತೆ ಓದುತ್ತೋ, ಶಾಕ್ ಹೊಡಿಯುತ್ತೋ?"

"ರೊಕಿಯಾ, ಇದು ಇತಿಹಾಸ."

"ಇತಿಹಾಸಕ್ಕೆ ಗೊಜ್ಜಿನ ವಾಸ್ನೆ ಬರ್ತಿದೆ. ಈ ಪೆಟ್ಟಿಗೆ ಮಾತ್ರ ಕೆಲ್ಸಕ್ಕೆ ಬರುತ್ತೆ, ಇಳಿಸಿ." ಅವಳು ಹಿಂಬದಿ ತೆರೆದಿದ್ದ ಆ ಪೆಟ್ಟಿಗೆಗೆ ಹುಲ್ಲು ತುಂಬಿ ಅಡುಗೆಮನೆಯ ಹಿಂದೆ ಇಟ್ಟಳು. ಸಂಜೆಯೊಳಗೆ ಅವಳ ಚುಕ್ಕೆ ಕೋಳಿ ಒಳಹೊಕ್ಕು ತನ್ನ ಮನೆಯೆಂದೇ ತೀರ್ಮಾನಿಸಿತು.

ಮುಂದಿನ ಭಾನುವಾರ ಬಹ್ರೋಮ್ ಸಂಘದ ಮುಂದೆ ಕರವಸ್ತ್ರ ಬಿಚ್ಚಿದ. ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರ್ ಚಿಕ್‌ಗು ಹಂಡಾನ್ ಕನ್ನಡಕ ಏರಿಸಿದರು. 'ಚಿಕ್‌ಗು' ಎಂದರೆ ಮೇಷ್ಟ್ರು. ನಿವೃತ್ತಿಯಾಗಿ ಹತ್ತು ವರ್ಷ ಕಳೆದಿದ್ದರೂ ಅವರ ಎದುರು ಒಬ್ಬರೂ ಬೆನ್ನು ಬಾಗಿಸಿ ಕೂರುತ್ತಿರಲಿಲ್ಲ.

"ಎಲ್ಲಿ ಸಿಕ್ತು?"

"ಬಾಂಗ್ ಸೆನಾಪಿ ಕೈಯಿಂದ, ಚಿಕ್‌ಗು."

"ಅಂದ್ರೆ... ಆ ಮೂವತ್ತೆರಡು ಸೆಕೆಂಡು?"

ಇಲ್ಲಿ ಬಹ್ರೋಮ್ 'ಗೊತ್ತಿಲ್ಲ' ಎನ್ನಬಹುದಿತ್ತು. ಆ ಒಂದು ಮಾತಿನಿಂದ ಮುವಾರಿನ ಮುಂದಿನ ಮೂರು ತಿಂಗಳು ಎಂದಿನಂತೆ ಕಳೆಯುತ್ತಿತ್ತು. ಆದರೆ ಹನ್ನೊಂದು ವರ್ಷ ಕೋಪಿ ಲೋಟ ದಾಟಿಸಿದ ಮನುಷ್ಯ. ಅವನು ಕಣ್ಣು ಕೆಳಗಿಳಿಸಿ, ದನಿ ತಗ್ಗಿಸಿ, "ನಾನ್ಯಾಕೆ ಹೇಳ್ಲಿ ಚಿಕ್‌ಗು... ನೀವೇ ನೋಡ್ತಿದ್ದೀರಲ್ಲ," ಎಂದುಬಿಟ್ಟ.

ಒಂಬತ್ತು ತಲೆಗಳು ಒಲೆಯ ಕಡೆ ತಿರುಗಿದವು. "ಬಾಂಗ್ ಸೆನಾಪಿ, ಇದು ಅದೇನಾ?" ಎಂದು ಮಿಸ್ಕಾಮ್ ಕೂಗಿದ.

"ಎಷ್ಟು ಕಡ್ಡಿ?" ಎಂದ ಸೆನಾಪಿ.

"ಎಂಥ ವಿನಯ!" ಎಂದು ಚಿಕ್‌ಗು ನಿಟ್ಟುಸಿರಿಟ್ಟರು. ಅಷ್ಟರಲ್ಲಿ ಬಹ್ರೋಮ್ ಕಾಲಡಿ ಇಟ್ಟಿದ್ದ ರಟ್ಟು ಕುಸಿದು, ಮೇಜು ವಾಲಿ, ಗೊಜ್ಜಿನ ಬಟ್ಟಲು ಅವರ ತೊಡೆಯ ಮೇಲೆ ಮಗುಚಿತು. ಆ ಸಂತೋಷದಲ್ಲಿ ಅವರಿಗೆ ಅದು ಗೊತ್ತೇ ಆಗಲಿಲ್ಲ.

ಹಳೆಯ ಪೆಡಲ್ಲಿನ ಬೆಲೆ ಯಾವುದರಿಂದ ಏರುತ್ತದೆ ಎಂದು ತಿಳಿದವರು ಹೇಳುವುದಿಷ್ಟು: ಒಳಗಿನ ಬಿಡಿಭಾಗ ಮೊದಲಿನದ್ದೇ ಇರಬೇಕು, ಹೊರಗಿನ ಕೊಳೆಯೂ ಮೊದಲಿನದ್ದೇ ಇರಬೇಕು. ಮಿಕ್ಕದ್ದೆಲ್ಲ ಅದರ ಮೇಲೆ ಯಾರು ಕಾಲಿಟ್ಟಿದ್ದರು ಎಂಬ ಸುದ್ದಿ. ಸುದ್ದಿ ಹರಡಿತು. ನೂರೈವತ್ತರ ತೋರಾ ಒಂದು ವಾರದಲ್ಲಿ ನಾನೂರಾಯಿತು, ತಿಂಗಳಲ್ಲಿ ಒಂಬೈನೂರು, ಎರಡು ತಿಂಗಳಲ್ಲಿ ಮೂರು ಸಾವಿರ. ಸಂಘದ ಮಿಕ್ಕ ಎಂಟು ಮಂದಿಯೂ ಒಂದೊಂದು ಕೊಂಡರು. ನೀರಿನ ಕಚೇರಿಯಲ್ಲಿ ಬಹ್ರೋಮ್‌ನ ಮೇಲಧಿಕಾರಿ, ಗಿಟಾರಿಗೆ ಎಷ್ಟು ತಂತಿ ಎಂದು ಗೊತ್ತಿಲ್ಲದವರು, ಎರಡು ಕೊಂಡರು.

ಚಿಕ್‌ಗು ಹಂಡಾನ್ ಭೂತಗನ್ನಡಿ ಹಿಡಿದು, ಬಹ್ರೋಮ್‌ನ ತೋರಾದ ಮೇಲಿನ ಗೊಜ್ಜು ಎಂಬತ್ತೆಂಟರ ಶೇಂಗಾದ್ದೇ ಎಂದು ಲಿಖಿತ ಅಭಿಪ್ರಾಯ ಕೊಟ್ಟರು. ಇದನ್ನು ಕೇಳಿದ ಮಿಸ್ಕಾಮ್ ತನ್ನ ಹೊಳೆಯುವ ತೋರಾಕ್ಕೆ ಮನೆಯಲ್ಲಿ ಗೊಜ್ಜು ಮಾಡಿಸಿ ಬಳಿದ. ರಾತ್ರಿ ಕಳೆಯುವಷ್ಟರಲ್ಲಿ ಅದಕ್ಕೆ ಇರುವೆ ಮುತ್ತಿತು. ಆ ದಿನದಿಂದ ಒಂದು ಹೊಸ ಪರೀಕ್ಷೆ ಜಾರಿಗೆ ಬಂತು: ತೋರಾವನ್ನು ಇರುವೆ ಗೂಡಿನ ಪಕ್ಕ ಇಡಬೇಕು, ಇರುವೆ ಬಂದರೆ ಗೊಜ್ಜು ಹೊಸದು, ಮಾಲು ನಕಲಿ. ಜೋಹೋರ್ ರಾಜ್ಯದಲ್ಲೆಲ್ಲ ದೊಡ್ಡ ಮನುಷ್ಯರು ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಇರುವೆಗಳ ತೀರ್ಪಿಗೆ ಕಾದರು.

ಬಹ್ರೋಮ್‌ಗೆ ಇದರಿಂದ ಒಂದು ರಿಂಗಿಟ್ಟೂ ಬಂದಿರಲಿಲ್ಲ. ಬಂದದ್ದು ಬೇರೆಯೇ, ಅವನಿಗೆ ಅದು ದುಡ್ಡಿಗಿಂತ ಹೆಚ್ಚಿನದು. ಮೀಟರ್ ಓದುವವನು ತಿಂಗಳಿಗೊಮ್ಮೆ ಪ್ರತಿ ಮನೆಯ ಗೇಟು ದಾಟಬೇಕು. ಗೇಟು ತೆಗೆದವರು ಇಷ್ಟು ವರ್ಷ ಅವನ ಮುಖವನ್ನೇ ನೋಡಿರಲಿಲ್ಲ. ಚಿಕ್‌ಗು ಹಂಡಾನರ ಅಂಗಳದ ಮೂರು ಹೆಬ್ಬಾತುಗಳಂತೂ ಹನ್ನೊಂದು ವರ್ಷದಿಂದ ಅವನ ಎಡ ಮೀನಖಂಡಕ್ಕೇ ಗುರಿಯಿಡುತ್ತಿದ್ದವು. ಈಗ ಅವನ ಮೋಟಾರ್ ಸೈಕಲ್ಲಿನ ಸದ್ದು ಕೇಳಿದರೆ ಚಿಕ್‌ಗು ತಾವೇ ಓಡಿಬಂದು ಹೆಬ್ಬಾತುಗಳನ್ನು ಗೂಡಿಗೆ ಅಟ್ಟಿ, "ಬಾಪ್ಪಾ ಬಹ್ರೋಮ್, ಕೋಪಿ ಕುಡ್ದು ಆಮೇಲೆ ಮೀಟರ್ ನೋಡು," ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಬಹ್ರೋಮ್‌ಗೆ ಕಣ್ಣು ತುಂಬಿ ಬರುತ್ತಿತ್ತು. ಅವನಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಆಗ ಸಿಂಗಪುರದಿಂದ ಟಿಯೋ ಎಂಬ ಸಂಗ್ರಹಕಾರರ ಕಾಗದ ಬಂತು. ಭಾನುವಾರ ಖುದ್ದು ಬರುತ್ತಾರಂತೆ. 'ಇದೇ ಆ ಪೆಡಲ್' ಎಂದು ಸೆನಾಪಿ ಎದುರಿಗೆ ಒಪ್ಪಿಕೊಂಡರೆ ಇಪ್ಪತ್ತು ಸಾವಿರ ರಿಂಗಿಟ್ ಕೊಡುತ್ತಾರಂತೆ. ಇಡೀ ಸಂಘ ಹೊಸ ಅಂಗಿ ಹೊಲಿಸಿತು.

ಶನಿವಾರ ಮಧ್ಯಾಹ್ನ ಬಹ್ರೋಮ್ ಸೆನಾಪಿಯ ಮನೆಯ ಮೀಟರ್ ಓದಲು ಹೋದ. ಸೆನಾಪಿ ಹಿತ್ತಲಲ್ಲಿ ಕೂತು ಮಾಂಸವನ್ನು ಕಡ್ಡಿಗೆ ಪೋಣಿಸುತ್ತಿದ್ದ. ಒಲೆಯಿಂದ ದೂರವಿದ್ದಾಗ ಅವನು ಇಷ್ಟೊಂದು ಮಾತಾಡುತ್ತಾನೆ ಎಂಬ ಸಂಗತಿ ಬಹ್ರೋಮ್‌ಗೆ ಅಂದೇ ತಿಳಿದದ್ದು.

"ಆ ಡಬ್ಬಿ ನನ್ನ ತಮ್ಮಂದು ಕಣೋ. ಮದುವೆ ಆದ್ಮೇಲೆ ಬಿಟ್ಟೋದ. ನಾನು ಯಾವತ್ತೂ ಪೆಡಲ್ ಮುಟ್ಟಿದವನೇ ಅಲ್ಲ, ದುಡ್ಡೆಲ್ಲಿತ್ತು ಆಗ?"

ಬಹ್ರೋಮ್ ಮೀಟರ್ ಬಿಟ್ಟು ಹತ್ತಿರ ಬಂದ. "ಹಂಗಾದ್ರೆ ಆ ಮೂವತ್ತೆರಡು ಸೆಕೆಂಡು?"

"ಇಲಿ."

"ಏನಂದ್ರಿ?"

"ನನ್ನ ಸ್ಪೀಕರ್ ಒಳಗೆ ದನಿ ಹೊರಡೋ ಕಾಗದ ಇರುತ್ತಲ್ಲ, ಅದನ್ನ ಇಲಿ ಕಡಿದಿತ್ತು. ಹರಿದಿರೋ ಜಾಗದಿಂದ ದನಿ ಹಂಗೇ ಹರಿದು ಬರ್ತಿತ್ತು. ರೆಕಾರ್ಡ್ ಮಾಡೋನು ಬೇರೆ ತಗೊಂಬಾ ಅಂದ. ನನ್ಹತ್ರ ಇರೋದೇ ಇದು ಅಂದೆ. ಅಷ್ಟೇ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಬಾಂಗ್?"

"ನೀವು ಕೇಳಿದ್ದು ಬೆಂಕಿ ಮುಂದೆ. ಬೆಂಕಿ ಮುಂದೆ ನಾನು ಕಡ್ಡಿ ಲೆಕ್ಕ ಬಿಟ್ಟು ಬೇರೆ ಮಾತಾಡಲ್ಲ. ಮಾಂಸ ಸೀದೋಗುತ್ತೆ."

ಬಹ್ರೋಮ್ ಅಲ್ಲೇ ಕುಕ್ಕರಿಸಿದ. ಎಂಟು ಮನೆ, ಎಂಟು ಗೇಟು, ಮೂರು ಹೆಬ್ಬಾತು ಅವನ ಕಣ್ಣ ಮುಂದೆ ಸಾಲಾಗಿ ಬಂದವು. "ಬಾಂಗ್, ನಾಳೆ ನೀವು ಸುಳ್ಳು ಹೇಳೋದು ಬೇಡ. ಅವ್ರು ಕೇಳ್ದಾಗ ಹೂಂ ಅಂತ ತಲೆ ಒಂಚೂರು ಆಡ್ಸಿ ಸಾಕು."

"ಕಣ್ಣಿಗೆ ಹೊಗೆ ಬಂದ್ರೆ ನನ್ನ ತಲೆ ತಾನಾಗೇ ಆಡುತ್ತೆ. ಅದನ್ನ ನೀನು ಏನಂತ ತಿಳ್ಕೋತೀಯೋ ನಿಂಗೆ ಬಿಟ್ಟಿದ್ದು," ಎಂದ ಸೆನಾಪಿ.

ಆ ಗಾಬರಿಯಲ್ಲಿ ಬಹ್ರೋಮ್ ಬರೆದುಕೊಂಡ ಅಂಕಿಯ ಪ್ರಕಾರ ಸೆನಾಪಿ ಆ ತಿಂಗಳು ಮುವಾರ್ ನದಿಯ ಅರ್ಧದಷ್ಟು ನೀರು ಬಳಸಿದ್ದ.

ಭಾನುವಾರ ಬಂತು. ಟಿಯೋ ಅರವತ್ತರ ಸಣ್ಣ ಮನುಷ್ಯರು, ಬಿಳಿ ಪ್ಯಾಂಟು ತೊಟ್ಟಿದ್ದರು. ಅವರನ್ನು ಮೂರನೇ ಮೇಜಿನ ನಡುವೆ ಕೂರಿಸಿದರು. ತೋರಾವನ್ನು ಕರವಸ್ತ್ರದ ಮೇಲೆ ಅವರ ಮುಂದಿಟ್ಟರು. ಅವರು ಅದನ್ನು ಮುಟ್ಟಲಿಲ್ಲ, ಸುಮ್ಮನೆ ನೋಡಿದರು.

"ನಾನಾಗ ಮಿಲಿಟರೀಲಿದ್ದೆ," ಎಂದರು. "ನಮ್ಮ ಬ್ಯಾರಕ್ಕಿನಲ್ಲಿ ಒಂದೇ ರೇಡಿಯೋ. ನನಗೆ ಅಮ್ಮ ತೀರ್ಕೊಂಡ ಸುದ್ದಿ ಬಂದ ದಿನ ಈ ಹಾಡು ಬರ್ತಿತ್ತು. ನಂಗೆ ಅಳೋಕೆ ನಾಚ್ಕೆ. ನನ್ನ ಪರವಾಗಿ ಆ ಗಿಟಾರ್ ಅತ್ತುಬಿಡ್ತು. ಅವತ್ತಿಂದ ಹುಡುಕ್ತಿದ್ದೀನಿ." ಆಮೇಲೆ ಒಲೆಯ ಕಡೆ ತಿರುಗಿ, "ಬಾಂಗ್, ಇದೇನಾ ಅದು?" ಎಂದು ಕೇಳಿದರು.

ಅದೇ ಗಳಿಗೆಗೆ ಗಾಳಿ ತಿರುಗಿತು. ಹೊಗೆ ಸೆನಾಪಿಯ ಮುಖಕ್ಕೆ ನುಗ್ಗಿತು. ಸೆನಾಪಿಯ ತಲೆ ಎರಡು ಸಲ ಕೆಳಕ್ಕೂ ಮೇಲಕ್ಕೂ ಆಡಿತು.

"ಒಪ್ಪಿದ್ರು!" ಎಂದು ಮಿಸ್ಕಾಮ್ ಮೇಜು ಗುದ್ದಿದ. ಮೇಜು ವಾಲಿತು. ಗೊಜ್ಜಿನ ಬಟ್ಟಲು ಜಾರಿ ಬಿಳಿ ಪ್ಯಾಂಟಿನ ಮೇಲೆ ಬಿತ್ತು. ಬಹ್ರೋಮ್ ಬಟ್ಟೆ ಹಿಡಿದು ಮೇಜಿನ ಕೆಳಗೆ ಬಗ್ಗಿದ. ಅಲ್ಲಿ ಗೊಜ್ಜಿನಲ್ಲಿ ನೆನೆದು ಮುದ್ದೆಯಾದ ಅವನ ರಟ್ಟು ಬಿದ್ದಿತ್ತು. ಪಕ್ಕದಲ್ಲಿ ಟಿಯೋ ಅವರ ಮೊಣಕಾಲು ನಡುಗುತ್ತಿತ್ತು. ಅದು ಗೊಜ್ಜಿನ ಬಿಸಿಗೆ ಅಲ್ಲ, ಸಂತೋಷಕ್ಕೆ ಎಂದು ಬಹ್ರೋಮ್‌ಗೆ ಗೊತ್ತಾಯಿತು. ಆ ನಡುಗುವ ಕಾಲಿಗೆ ಮೋಸ ಮಾಡುವುದು ಅವನಿಂದಾಗಲಿಲ್ಲ.

"ಅದಲ್ಲ," ಎಂದ ಮೇಜಿನ ಕೆಳಗಿನಿಂದಲೇ. "ಅದು ಅವ್ರ ತಮ್ಮನ ಡಬ್ಬಿ. ಹಾಡಲ್ಲಿ ಇದ್ದಿದ್ದು ಪೆಡಲ್ ಅಲ್ಲ, ಇಲಿ. ಇಲಿ ಸ್ಪೀಕರ್ ಕಡಿದಿತ್ತು. ನಂಗೆ ನಿನ್ನೆ ಗೊತ್ತಾಯ್ತು."

ಬಹ್ರೋಮ್ ಏಳುವ ಧೈರ್ಯವಿಲ್ಲದೆ ಅಲ್ಲೇ ಕೂತ.

ಮೊದಲು ದನಿ ಬಂದದ್ದು ಮಿಸ್ಕಾಮ್‌ನದು. "ಅಬ್ಬಾ ಬಾಂಗ್! ನಮ್ಮಕ್ಕ ನಿಮ್ಮನ್ನ ಪೆದ್ದ ಅಂತಾಳಲ್ಲ, ಅವಳಿಗೇನು ಗೊತ್ತು! ಬೆಲೆ ಬೀಳ್ಸಿ ನಮ್ಮ ತೋರಾನೆಲ್ಲ ಅಗ್ಗಕ್ಕೆ ಎತ್ಕೊಳ್ಳೋ ಸಂಚು ಇದು!"

"ಇಲಿಯಂತೆ!" ಎಂದರು ಚಿಕ್‌ಗು ಹಂಡಾನ್. "ಮಿಸ್ಕಾಮ್, ನಿನ್ನದನ್ನ ಅವನಿಗೆ ಮಾರ್ಬೇಡ. ನಾನು ಕೊಡ್ತೀನಿ ನಾಲ್ಕು ಸಾವಿರ."

"ನಾಲ್ಕೂವರೆ!" ಎಂದು ಹಿಂದಿನ ಮೇಜಿನಿಂದ ನೀರಿನ ಕಚೇರಿಯ ಮೇಲಧಿಕಾರಿ ಕೂಗಿದರು.

ಸತ್ಯ ಹೇಳಿದ ಎರಡು ನಿಮಿಷದಲ್ಲಿ ತೋರಾದ ಬೆಲೆ ಐದು ಸಾವಿರ ದಾಟಿತು. ಇದು ಸುಳ್ಳಿನಿಂದ ಎರಡು ತಿಂಗಳಲ್ಲೂ ಆಗದಿದ್ದ ಕೆಲಸ.

ಆಗ ಸೆನಾಪಿ ಬೀಸಣಿಗೆ ಕೆಳಗಿಟ್ಟ. ಮೂವತ್ತು ವರ್ಷಗಳಲ್ಲಿ ಒಂದು ಭಾನುವಾರವೂ ಹಾಗಾಗಿರಲಿಲ್ಲವಾದ್ದರಿಂದ ಎಲ್ಲರೂ ಅವನ ಕಡೆ ತಿರುಗಿದರು. "ಸಾತೇ ತಿನ್ನೋಕೆ ಬಂದ್ರೋ, ಇತಿಹಾಸ ತಿನ್ನೋಕೆ ಬಂದ್ರೋ?" ಎಂದ. "ಬನ್ನಿ. ಇಲಿ ಕಡಿದ ಆ ಸ್ಪೀಕರ್ ಪೆಟ್ಟಿಗೆ ಇವನ ಮನೇಲಿದೆ. ಯಾರಾದ್ರೂ ಒಂದು ಗಿಟಾರ್ ತನ್ನಿ."

ಮೆರವಣಿಗೆ ಬಹ್ರೋಮ್‌ನ ಮನೆ ತಲುಪಿತು. ಅಡುಗೆಮನೆಯ ಹಿಂದೆ ರೊಕಿಯಾ ಸೌಟು ಹಿಡಿದು ಪೆಟ್ಟಿಗೆಗೆ ಅಡ್ಡ ನಿಂತಳು.

"ಕೋಳಿ ಕಾವಿಗೆ ಕೂತು ಇವತ್ತಿಗೆ ಹದಿನೇಳನೇ ದಿನ. ಇನ್ನು ನಾಲ್ಕು ದಿನ ಈ ಪೆಟ್ಟಿಗೆ ಒಂದು ಬೆರಳಗಲ ಅಲ್ಲಾಡಿದ್ರೂ ನಾನು ಸುಮ್ನಿರಲ್ಲ."

"ಕಾಕ್, ಇಪ್ಪತ್ತು ಸಾವಿರದ ವಿಷ್ಯ," ಎಂದ ಮಿಸ್ಕಾಮ್ ಅಕ್ಕನಿಗೆ ಮೆಲ್ಲಗೆ. ಅಲ್ಲಿ ಅಕ್ಕನನ್ನು 'ಕಾಕ್' ಎನ್ನುತ್ತಾರೆ.

"ಇಪ್ಪತ್ತು ಸಾವಿರ ಮೊಟ್ಟೆ ಇಡುತ್ತೇನೋ?"

ಕೊನೆಗೆ ಟಿಯೋ ಅವರೇ ಕೈಮುಗಿದು ಸಂಧಾನ ಮಾಡಿದರು. ಪೆಟ್ಟಿಗೆ ಮುಟ್ಟಬಾರದು, ಎರಡು ತಂತಿ ಮಾತ್ರ ಒಳಗೆ ಹೋಗಬಹುದು. ಮಿಸ್ಕಾಮ್ ತನ್ನ ಮನೆಯಿಂದ ಗಿಟಾರು, ಅದರ ದನಿ ಏರಿಸುವ ಯಂತ್ರ ತಂದ. ಸೆನಾಪಿ ಕೋಳಿಯ ಅನುಮತಿ ಬೇಡುವವನಂತೆ ಮೆಲ್ಲಗೆ ಕೈ ತೂರಿಸಿ ಸ್ಪೀಕರಿಗೆ ತಂತಿ ಸಿಕ್ಕಿಸಿದ. ಕೊಳೆಯಾದ ಬೆರಳು ಒರೆಸಿಕೊಂಡು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನುಡಿಸಿದ.

ಹುಲ್ಲಿನೊಳಗಿಂದ, ಕೋಳಿಯ ಹೊಟ್ಟೆಯಡಿಯಿಂದ, ಆ ದನಿ ಎದ್ದಿತು. ಹರಿದ ದನಿ, ಗಂಟಲು ಕಟ್ಟಿದ ದನಿ. ಮೂವತ್ತೈದು ವರ್ಷ ಕಳೆದರೂ ಅದರ ಒಂದು ಎಳೆಯೂ ಬದಲಾಗಿರಲಿಲ್ಲ. ಚಿಕ್‌ಗು ಹಂಡಾನ್ ಟೋಪಿ ತೆಗೆದರು. ಟಿಯೋ ಗೊಜ್ಜಿನ ಪ್ಯಾಂಟಿನಲ್ಲೇ ನೆಲದ ಮೇಲೆ ಕೂತು, ಈ ಸಲ ನಾಚಿಕೊಳ್ಳದೆ ತಾವೇ ಅತ್ತರು. ರೊಕಿಯಾ ಸೌಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಕೋಳಿ ಮಾತ್ರ ರೆಕ್ಕೆ ಒಮ್ಮೆ ಕೊಡವಿ, ಮೂವತ್ತೆರಡು ಸೆಕೆಂಡು ಮುಗಿದ ಮೇಲೆ 'ಕೊಕ್' ಎಂದಿತು.

ಆಮೇಲೆ ಎಲ್ಲರಿಗೂ ಒಟ್ಟಿಗೇ ತಮ್ಮ ತಮ್ಮ ತೋರಾ ನೆನಪಾಯಿತು. ಬಹ್ರೋಮ್ ತನ್ನ ಎಡ ಮೀನಖಂಡವನ್ನು ಒಮ್ಮೆ ಸವರಿಕೊಂಡ.

ಚಿಕ್‌ಗು ಹಂಡಾನ್ ಗಂಟಲು ಸರಿಮಾಡಿಕೊಂಡರು. "ಸೆನಾಪಿ, ಆ ಇಲಿ ಈಗೆಲ್ಲಿ?"

"ಅದ್ಯಾವಾಗ್ಲೋ ಸತ್ತಿರುತ್ತೆ, ಚಿಕ್‌ಗು."

"ಅಂದ್ರೆ ಅಂಥ ಇಲಿ ಇನ್ನು ಸಿಗಲ್ಲ." ಅವರು ಎಲ್ಲರ ಮುಖವನ್ನೂ ತರಗತಿ ನೋಡಿದ ಹಾಗೆ ನೋಡಿದರು. "ಆ ಇಲಿ ಮಾಡಿದ ಕೆಲ್ಸ ಮಾಡೋದು ಈ ಭೂಮಿ ಮೇಲೆ ಇನ್ನು ತೋರಾ ಒಂದೇ."

"ಆರು ಸಾವಿರ!" ಎಂದರು ಮೇಲಧಿಕಾರಿ.

ಎಲ್ಲರೂ ಉಸಿರು ಬಿಟ್ಟರು. ಚಿಕ್‌ಗು ಬಹ್ರೋಮ್‌ನ ಹೆಗಲ ಮೇಲೆ ಕೈಯಿಟ್ಟು, "ಎಲ್ಲಾ ಮೊದ್ಲೇ ಗೊತ್ತಿತ್ತು ಅಲ್ವೇನೋ ಕಳ್ಳಾ?" ಎಂದರು. ಅವನು ಇಲ್ಲವೆಂದಷ್ಟೂ ಅವರು ಹೆಚ್ಚು ಮೆಚ್ಚಿದರು.

ಟಿಯೋ ಪೆಟ್ಟಿಗೆಗೆ ಎಷ್ಟು ಬೇಕೆಂದು ರೊಕಿಯಾಳನ್ನು ಕೇಳಿದರು. "ಅದು ಬಾಂಗ್ ಸೆನಾಪಿದು, ಅವ್ರನ್ನ ಕೇಳಿ. ನಂಗೆ ಮಾತ್ರ ಒಂದು ಒಳ್ಳೆ ಗೂಡು ಕೊಡ್ಸಿ, ಬಾಗಿಲಿರೋದು, ಹಾವು ನುಗ್ಗದಿರೋದು," ಎಂದಳು. ಸೆನಾಪಿ ತನ್ನ ಪಾಲಿನ ಬಗ್ಗೆ ಯೋಚಿಸಲು ಒಲೆಯ ಮುಂದಕ್ಕೇ ಹೋದ. ಟಿಯೋ ಮರಿ ಹೊರಬರುವ ತನಕ ನಾಲ್ಕು ದಿನ ಮುವಾರಿನಲ್ಲೇ ಉಳಿದು ಬೆಳಿಗ್ಗೆ ಬೆಳಿಗ್ಗೆ ಸಾತೇ ತಿಂದರು. ಒಂಬತ್ತು ಮರಿಗಳಾದವು. ಗೂಡು ಬಂತು. ಸೆನಾಪಿ ಪೆಟ್ಟಿಗೆಗೆ ಹತ್ತು ಸಾವಿರ ತೆಗೆದುಕೊಂಡು, ತನಗೆ ಬಂದ ನೀರಿನ ಬಿಲ್ಲನ್ನು ಬಹ್ರೋಮ್‌ನ ಕೈಗೆ ತುರುಕಿ, "ಇದನ್ನ ಮೊದ್ಲು ಸರಿ ಮಾಡು," ಎಂದ.

ಅಷ್ಟರೊಳಗೆ ಊರಿನಲ್ಲೂ ಕೆಲವು ಬದಲಾವಣೆಗಳಾಗಿದ್ದವು. ಜನ ಇಲಿಬೋನುಗಳನ್ನು ಅಟ್ಟಕ್ಕೆ ಹಾಕಿ, ಹಳೆಯ ಸ್ಪೀಕರುಗಳನ್ನು ಅಕ್ಕಿ ಚೀಲದ ಪಕ್ಕ ಇಡತೊಡಗಿದರು. ಪುರಸಭೆಯ ಆರೋಗ್ಯಾಧಿಕಾರಿ ತನಿಖೆಗೆ ಬಂದು, ಹೋಗುವಾಗ ಒಂದು ತೋರಾ ಕೊಂಡುಹೋದರು.

ಮರಿಗಳಾದ ಮರುದಿನ, ಊರಿಗೆ ಹೊರಟಿದ್ದ ಟಿಯೋ ಅವರಿಗಾಗಿ ಸಂಘ ಮೂರನೇ ಮೇಜಿನಲ್ಲಿ ಸೇರಿತು. ಬಟ್ಟಲಿನ ತುಂಬ ಗೊಜ್ಜು ಬಂತು. ಮೇಜು ವಾಲಿತು. ಒಂಬತ್ತು ಕೈ ಒಟ್ಟಿಗೆ ಬಟ್ಟಲು ಹಿಡಿದವು.

ಬಹ್ರೋಮ್ ಚೀಲದಿಂದ ತನ್ನ ತೋರಾ ತೆಗೆದ.

"ಹತ್ತು ಸಾವಿರ ಕೊಡ್ತೀನಿ," ಎಂದರು ಟಿಯೋ. "ಗೊಜ್ಜಿನ ಸಮೇತ."

ಬಹ್ರೋಮ್ ನಕ್ಕು ತಲೆ ಅಲ್ಲಾಡಿಸಿದ. ಮೇಜಿನ ಕೆಳಗೆ ಬಗ್ಗಿ, ಮುದ್ದೆಯಾದ ರಟ್ಟನ್ನು ಕಿತ್ತೆಸೆದು, ತೋರಾವನ್ನು ಅದರ ಹಳೆಯ ಗುರುತಿನ ಮೇಲೇ ಸರಿಯಾಗಿ ಕೂರಿಸಿದ. ಮೇಜು ನೆಟ್ಟಗೆ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ಬಟ್ಟಲಿನಿಂದ ಕೈ ತೆಗೆದರು, ಗೊಜ್ಜು ತುಳುಕಲಿಲ್ಲ.

ಬಹ್ರೋಮ್ ಎದ್ದು ಒಲೆಯ ಕಡೆ ನೋಡಿದ. ಸೆನಾಪಿ ಅವನನ್ನೇ ನೋಡುತ್ತಿದ್ದು, ಹೂಂ ಎಂದು ತಲೆಯಾಡಿಸಿದ. ಅಂದು ಗಾಳಿ ನದಿಯ ಕಡೆಗೆ ಬೀಸುತ್ತಿತ್ತು, ಅವನ ಮುಖದ ಹತ್ತಿರ ಹೊಗೆಯೇ ಇರಲಿಲ್ಲ.